ಗಡಿಯಾರ ಕರೆದಾಗ ಓಗೊಡುವವರು ಯಾರು?

(ಟ್ರಸ್ಟಿನ ವಾರ್ಷಿಕ ಮಹಾಸಭೆ ಮತ್ತು ವಿದ್ಯಾರ್ಥಿವೇತನ ವಿತರಣಾ ಸಮಾರಂಭದಲ್ಲಿ ನಿವೃತ್ತ ಪ್ರೌಢಶಾಲಾ ಶಿಕ್ಷಕಿಯೊಬ್ಬರು ಮಾಡಿದ ಭಾಷಣದ ಬರಹ ರೂಪ)



ಪ್ರತಿ ವರ್ಷ ಈ ಸಭೆಯಲ್ಲಿ ವಿದ್ಯೆಯ ಮಹತ್ವದ ಬಗ್ಗೆ ನಾಲ್ಕು ಮಾತಾಡಿ ಎನ್ನುತ್ತಾರೆ, ನಾನೂ ಮಾತಾಡಿ ಕುಳಿತುಕೊಳ್ಳುತ್ತೇನೆ. ಈ ಸಲ ಅಧ್ಯಕ್ಷರು ವಿಷಯವನ್ನೂ ಅವರೇ ಕೊಟ್ಟಿದ್ದಾರೆ. ಜುಬೈಲ್‌ನಲ್ಲಿರುವ ನಮ್ಮ ದಾನಿಗಳ ಬಳಗ ಒಂದು ಪ್ರಸ್ತಾವ ಕಳಿಸಿದೆ. ಮಕ್ಕಳು ವಿದೇಶದಲ್ಲಿದ್ದು ಊರಲ್ಲಿ ಒಂಟಿಯಾಗಿರುವ ಹಿರಿಯರಿಗೆ ನೂರು ಸ್ಮಾರ್ಟ್ ವಾಚುಗಳನ್ನು ಕೊಡಿಸುವುದು. ಅವರ ನಾಡಿಬಡಿತ, ಆಮ್ಲಜನಕದ ಪ್ರಮಾಣ, ನಿದ್ದೆ ಎಲ್ಲವೂ ಮಕ್ಕಳ ಮೊಬೈಲಿಗೆ ಹೋಗುವಂತೆ ಮಾಡುವುದು. ವಿಜ್ಞಾನ ಕಲಿಸಿದ ಟೀಚರ್ ನೀವು, ಇದು ಏನು ಎತ್ತ ಎಂದು ಜನರಿಗೆ ಅರ್ಥವಾಗುವ ಹಾಗೆ ಹೇಳಿ ಎಂದರು. ಹೇಳುತ್ತೇನೆ. ಆದರೆ ಹೇಳಿ ಮುಗಿಸುವಾಗ ನನ್ನದೂ ಒಂದು ತಿದ್ದುಪಡಿ ಇದೆ. ದಾನಿಗಳು ಬೇಸರ ಮಾಡಿಕೊಳ್ಳಬಾರದು.

ಮೊದಲು ಈ ಯಂತ್ರ ಕೆಲಸ ಮಾಡುವ ಬಗೆ. ವಾಚನ್ನು ಬಿಚ್ಚಿ ಹಿಂದೆ ನೋಡಿ, ಹಸಿರು ಬೆಳಕು ಮಿನುಗುತ್ತಿರುತ್ತದೆ. ರಕ್ತ ಹಸಿರು ಬೆಳಕನ್ನು ಹೀರಿಕೊಳ್ಳುತ್ತದೆ. ಹೃದಯ ಒಮ್ಮೆ ಬಡಿದಾಗ ಮಣಿಕಟ್ಟಿನ ಸಣ್ಣ ನಾಳಗಳಿಗೆ ಸ್ವಲ್ಪ ಹೆಚ್ಚು ರಕ್ತ ನುಗ್ಗುತ್ತದೆ, ಆಗ ಹಿಂದಕ್ಕೆ ಬರುವ ಬೆಳಕು ಕಡಿಮೆಯಾಗುತ್ತದೆ. ಮರುಕ್ಷಣ ಹೆಚ್ಚಾಗುತ್ತದೆ. ಈ ಏರಿಳಿತಗಳನ್ನು ಎಣಿಸಿದರೆ ನಾಡಿಬಡಿತ ಸಿಕ್ಕಿತು. ನಮ್ಮ ಹಳೆಯ ಹಕೀಮರು ಮೂರು ಬೆರಳಿಟ್ಟು ಎಣಿಸುತ್ತಿದ್ದುದನ್ನೇ ಇದು ಬೆಳಕಿನಿಂದ ಎಣಿಸುತ್ತದೆ, ಅಷ್ಟೇ.

ಕೊರೋನಾ ಕಾಲದಲ್ಲಿ ಮನೆಮನೆಗೆ ಬಂದ ಬೆರಳಿನ ಕ್ಲಿಪ್ಪು, ಆಕ್ಸಿಮೀಟರು, ಇದರ ಹತ್ತಿರದ ಸಂಬಂಧಿ. ಅದರಲ್ಲಿ ಎರಡು ಬೆಳಕು: ಒಂದು ಕೆಂಪು, ಇನ್ನೊಂದು ಕಣ್ಣಿಗೆ ಕಾಣದ ಅವಗೆಂಪು. ಆಮ್ಲಜನಕ ಹೊತ್ತ ರಕ್ತವೂ ಹೊರದ ರಕ್ತವೂ ಈ ಎರಡು ಬೆಳಕನ್ನು ಬೇರೆಬೇರೆ ಪ್ರಮಾಣದಲ್ಲಿ ಹೀರುತ್ತವೆ. ಇದನ್ನು ಕಂಡುಹಿಡಿದವರು ಜಪಾನಿನ ತಕುವೊ ಅವೊಯಾಗಿ ಎಂಬ ಎಂಜಿನಿಯರ್. ನಿಹೋನ್ ಕೋಡೆನ್ ಎಂಬ ಕಂಪನಿಯಲ್ಲಿ ಅವರು ಬೇರೇನನ್ನೋ ಅಳೆಯಲು ಹೊರಟಿದ್ದರು. ರಕ್ತಕ್ಕೆ ಬಣ್ಣ ಸೇರಿಸಿ ಹೃದಯ ಎಷ್ಟು ರಕ್ತ ಪಂಪು ಮಾಡುತ್ತದೆ ಎಂದು ಬೆಳಕಿನಿಂದ ನೋಡುವ ಪ್ರಯೋಗ ಅದು. ನಾಡಿಯ ಮಿಡಿತ ಅಡ್ಡಬಂದು ಲೆಕ್ಕ ಕೆಡಿಸುತ್ತಿತ್ತು. ಆ ಅಡಚಣೆಯನ್ನು ತೊಲಗಿಸುವ ದಾರಿ ಹುಡುಕುವಾಗ ಅವರಿಗೆ ಹೊಳೆಯಿತು: ಮಿಡಿಯುವುದು ಧಮನಿಯ ರಕ್ತ ಮಾತ್ರ, ಚರ್ಮ, ಮೂಳೆ, ಮಾಂಸ ಮಿಡಿಯುವುದಿಲ್ಲ, ಹಾಗಿದ್ದರೆ ಮಿಡಿಯುವ ಭಾಗವನ್ನಷ್ಟೇ ಹಿಡಿದರೆ ಧಮನಿಯ ಆಮ್ಲಜನಕ ತಾನಾಗಿ ಸಿಗುತ್ತದಲ್ಲ! 1974ರಲ್ಲಿ ಅದನ್ನು ವಿದ್ವಾಂಸರ ಮುಂದಿಟ್ಟರು. 2020ರ ಏಪ್ರಿಲ್‌ನಲ್ಲಿ, ಜಗತ್ತಿನ ಮನೆಮನೆಗಳು ಅವರ ಕ್ಲಿಪ್ಪಿಗಾಗಿ ಅಂಗಡಿ ಹುಡುಕುತ್ತಿದ್ದ ಹೊತ್ತಿಗೆ, 84ನೇ ವಯಸ್ಸಿನಲ್ಲಿ ತೀರಿಕೊಂಡರು. ಅಂದು ಆ ಕ್ಲಿಪ್ಪು ಹಿಡಿದು ನಮ್ಮ ಬೀದಿಗಳಲ್ಲಿ ಬಾಗಿಲು ತಟ್ಟಿದವರು ಆಶಾ ಕಾರ್ಯಕರ್ತೆಯರು. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ರೋಗಿ ಒಂದು ಕಡೆ, ನೋಡುವವರು ಇನ್ನೊಂದು ಕಡೆ ಎಂಬುದೂ ಹೊಸತಲ್ಲ. ಹಾಲೆಂಡಿನ ಲೈಡನ್ ಪಟ್ಟಣದ ವಿಲೆಮ್ ಐಂಥೊವೆನ್ ಇಸಿಜಿ ಯಂತ್ರ ಮಾಡಿದಾಗ ಅದರ ತೂಕ ಸುಮಾರು 270 ಕಿಲೋ. ರೋಗಿ ಕೈಕಾಲುಗಳನ್ನು ಉಪ್ಪುನೀರಿನ ಬಾನಿಯಲ್ಲಿ ಇಟ್ಟುಕೊಂಡು ಕೂರಬೇಕಿತ್ತು. ಯಂತ್ರವನ್ನು ಆಸ್ಪತ್ರೆಗೆ ಸಾಗಿಸಲಾಗದೆ, 1905ರಲ್ಲಿ ಅವರು ಟೆಲಿಫೋನ್ ತಂತಿಯ ಮೂಲಕ ಒಂದೂವರೆ ಕಿಲೋಮೀಟರ್ ದೂರದ ಆಸ್ಪತ್ರೆಯಿಂದ ಹೃದಯದ ಸಂಕೇತವನ್ನು ತಮ್ಮ ಪ್ರಯೋಗಾಲಯಕ್ಕೆ ತರಿಸಿಕೊಂಡರು. 1924ರಲ್ಲಿ ಅವರಿಗೆ ನೊಬೆಲ್ ಬಂತು. ಆಮೇಲೆ ಅಮೆರಿಕದ ಮೊಂಟಾನಾದ ನಾರ್ಮನ್ ಹೋಲ್ಟರ್ ಎಂಬವರು 1940ರ ದಶಕದ ಕೊನೆಗೆ ಬೆನ್ನಿಗೆ ಕಟ್ಟಿಕೊಳ್ಳುವ ಇಸಿಜಿ ಮಾಡಿದರು. ಅದರ ತೂಕ 38 ಕಿಲೋ, ನಮ್ಮ ಒಂಬತ್ತನೇ ತರಗತಿಯ ಹುಡುಗನಷ್ಟು. ಇವತ್ತು ಹೃದಯದ ಡಾಕ್ಟರು "ಒಂದು ಹೋಲ್ಟರ್ ಹಾಕಿಸಿ" ಎಂದು ಚೀಟಿ ಬರೆದುಕೊಡುವಾಗ ಇವರ ಹೆಸರನ್ನೇ ಹೇಳುತ್ತಿರುತ್ತಾರೆ. ಈಗ ಅದು ಅಂಗೈಯಲ್ಲಿ ಹಿಡಿಯುವಷ್ಟಾಗಿದೆ.

ಈಗ ವಾಚು ಹೇಳಲಾರದ್ದನ್ನು ಹೇಳಬೇಕು. ಇಲ್ಲಿ ನಮ್ಮವರು ಬಹಳ ದುಡ್ಡು ಕಳೆದುಕೊಳ್ಳುತ್ತಿದ್ದಾರೆ.

ಸೂಜಿ ಚುಚ್ಚದೆಯೇ ಸಕ್ಕರೆ ಪ್ರಮಾಣ ತೋರಿಸುವ ವಾಚು, ಉಂಗುರ ಎಂದು ಮೊಬೈಲಿನಲ್ಲಿ ಜಾಹೀರಾತು ಬರುತ್ತದೆ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2024ರ ಫೆಬ್ರವರಿಯಲ್ಲೇ ಎಚ್ಚರಿಕೆ ಕೊಟ್ಟಿದೆ: ಚರ್ಮ ಚುಚ್ಚದೆ ತಾನಾಗಿ ಸಕ್ಕರೆ ಅಳೆಯುವ ಒಂದು ವಾಚಿಗೂ, ಒಂದು ಉಂಗುರಕ್ಕೂ ತಾನು ಅನುಮತಿ ಕೊಟ್ಟಿಲ್ಲ ಎಂದು. ಅದನ್ನು ನಂಬಿ ಇನ್ಸುಲಿನ್ ಡೋಸು ಹೆಚ್ಚು ಕಡಿಮೆ ಮಾಡಿದರೆ ಪ್ರಾಣಕ್ಕೇ ಅಪಾಯ. ಬಿಪಿಗೂ ಮಣಿಕಟ್ಟಿನ ವಾಚನ್ನು ನೆಚ್ಚಿಕೊಳ್ಳಬೇಡಿ. ತೋಳಿಗೆ ಪಟ್ಟಿ ಸುತ್ತುವ ಯಂತ್ರವೇ ಮೇಲು. ಇನ್ನು ವಾಚಿನಲ್ಲಿ ಬರುವ ಇಸಿಜಿ. ಅದು ಹೃದಯದ ತಾಳ ತಪ್ಪಿದ್ದನ್ನು ಗುರುತಿಸಬಲ್ಲದು, ಅದು ಉಪಯುಕ್ತವೂ ಹೌದು. ಆದರೆ ಹೃದಯಾಘಾತವನ್ನು ಅದು ಪತ್ತೆ ಮಾಡುವುದಿಲ್ಲ. ಹೆಸರಾಂತ ವಾಚಿನ ತಯಾರಕರೇ ಹಾಗೆಂದು ಬರೆದು ಕೊಟ್ಟಿದ್ದಾರೆ. ಎದೆನೋವು ಬಂದಾಗ "ವಾಚಿನಲ್ಲಿ ಎಲ್ಲ ಸರಿಯಿದೆ" ಎಂದು ಮಲಗುವುದಕ್ಕಿಂತ ದೊಡ್ಡ ಮೂರ್ಖತನ ಇನ್ನೊಂದಿಲ್ಲ.

ಚರ್ಮದ ಬಣ್ಣದ ವಿಷಯ ಬೇರೆ ಇದೆ. 2020ರ ಡಿಸೆಂಬರ್‌ನಲ್ಲಿ ಅಮೆರಿಕದ ವೈದ್ಯರು ಆಸ್ಪತ್ರೆಯ ಆಕ್ಸಿಮೀಟರುಗಳ ಲೆಕ್ಕ ತೆಗೆದು ಪ್ರಕಟಿಸಿದರು. ಯಂತ್ರ 92ರಿಂದ 96ರವರೆಗೆ ತೋರಿಸುತ್ತಿದ್ದಾಗ, ಧಮನಿಯ ರಕ್ತ ತೆಗೆದು ನೋಡಿದರೆ ನಿಜವಾಗಿ 88ಕ್ಕಿಂತ ಕೆಳಗಿದ್ದ ಪ್ರಸಂಗಗಳು ಬಿಳಿಯರಲ್ಲಿ ನೂರಕ್ಕೆ ಸುಮಾರು 4, ಕಪ್ಪು ಜನರಲ್ಲಿ ಸುಮಾರು 12. ಅಂದರೆ ಚರ್ಮ ಕಪ್ಪಾದಷ್ಟೂ ಯಂತ್ರ "ಚೆನ್ನಾಗಿದ್ದೀರಿ" ಎಂದು ಸುಳ್ಳು ಹೇಳುವ ಸಂಭವ ಹೆಚ್ಚು. ಕರಾವಳಿಯ ಬಿಸಿಲಿನಲ್ಲಿ ಕೆಲಸ ಮಾಡಿದ ನಮ್ಮ ಹಿರಿಯರ ಕೈ ಯಾವ ಬಣ್ಣದ್ದು ಎಂದು ನಿಮಗೆ ಗೊತ್ತು. ಹೆಣ್ಣುಮಕ್ಕಳಿಗೆ ಇನ್ನೊಂದು ಮಾತು: ಉಗುರಿಗೆ ಗಾಢ ಬಣ್ಣವೋ ಕಪ್ಪು ಮದರಂಗಿಯೋ ಇದ್ದರೆ ಅಳತೆ ತಪ್ಪಬಹುದು, ಬಣ್ಣವಿಲ್ಲದ ಬೆರಳಿಗೆ ಹಾಕಿ ನೋಡಿ. ಉಸಿರು ಕಟ್ಟುತ್ತಿದೆ ಎಂದು ಮನುಷ್ಯ ಹೇಳುತ್ತಿದ್ದರೆ ಮನುಷ್ಯನ ಮಾತು ನಂಬಿ, ಕ್ಲಿಪ್ಪಿನದ್ದಲ್ಲ.

ನಮ್ಮ ಮನೆಗಳಿಗೇ ಸೇರಿದ ಒಂದು ಸಮಸ್ಯೆಯೂ ಇದೆ. ಇದು ಯಾವ ಕಂಪನಿಯ ಪುಸ್ತಿಕೆಯಲ್ಲೂ ಸಿಗಲಿಕ್ಕಿಲ್ಲ. ದಿನಕ್ಕೆ ಐದು ಹೊತ್ತು ವುಝೂ ಮಾಡುವಾಗ ಹಿರಿಯರು ವಾಚು ಬಿಚ್ಚಿ ಮಸೀದಿಯ ಕೊಳದ ಕಟ್ಟೆಯ ಮೇಲೋ ಅಡುಗೆಮನೆಯ ಕಿಟಕಿಯಲ್ಲೋ ಇಡುತ್ತಾರೆ. ನಮಾಝ್ ಆದ ಮೇಲೆ ಮರೆಯುತ್ತಾರೆ. ಮಗ ಅಲ್ಲಿಂದ ನೋಡಿದರೆ ಉಮ್ಮನ ನಾಡಿಯೇ ಇಲ್ಲ! ಗಾಬರಿಯಿಂದ ಫೋನು ಮಾಡಿದರೆ ಉಮ್ಮ ಬಂಗುಡೆ ಸಾರಿಗೆ ಮೆಣಸು ಅರೆಯುತ್ತಿರುತ್ತಾರೆ. ನಗುವ ವಿಷಯವೇ. ಆದರೆ ಮೂರು ಸಲ ಹೀಗಾದ ಮೇಲೆ ನಾಲ್ಕನೇ ಸಲ ಮಗ ಫೋನು ಮಾಡುವುದಿಲ್ಲ.

ನನ್ನ ನೆರೆಯಲ್ಲಿ ಎಪ್ಪತ್ತು ದಾಟಿದ ಒಬ್ಬ ತಾಯಿ ಇದ್ದಾರೆ. ಮಕ್ಕಳಿಬ್ಬರೂ ಗಲ್ಫಿನಲ್ಲಿ. ಹಿರಿಯ ಮಗ ರಜೆಗೆ ಬಂದಾಗ ವಾಚು ಕಟ್ಟಿ ಹೋಗಿದ್ದ. ಒಂದು ರಾತ್ರಿ ಎರಡು ಗಂಟೆಗೆ ಅವನ ಮೊಬೈಲಿಗೆ ಸೂಚನೆ ಬಂತು: ಉಮ್ಮ ಮಲಗಿದ್ದಲ್ಲೇ ನಾಡಿ 130ರ ಮೇಲೆ. ಅಲ್ಲಿ ಆಗ ಹನ್ನೊಂದೂವರೆ, ಅವನು ಎಚ್ಚರವಾಗಿಯೇ ಇದ್ದ. ಉಮ್ಮನಿಗೆ ಕರೆ ಮಾಡಿದ. ಫೋನು ಪಡಸಾಲೆಯಲ್ಲಿ ಚಾರ್ಜಿಗಿತ್ತು. ಸೋದರಮಾವನ ಮಗನಿಗೆ ಮಾಡಿದ, ಅವನು ಮಂಗಳೂರಿನಲ್ಲಿ. ಇನ್ನಿಬ್ಬರಿಗೆ ಮಾಡಿದ, ಎತ್ತಲಿಲ್ಲ. ಕೊನೆಗೆ ಮದ್ರಸದ ಉಸ್ತಾದರು ಎದ್ದು, ತಮ್ಮ ಹೆಂಡತಿಯನ್ನು ಕರೆದುಕೊಂಡು ಹೋಗಿ ಬಾಗಿಲು ತಟ್ಟುವಾಗ ನಲವತ್ತು ನಿಮಿಷ ಕಳೆದಿತ್ತು. ಆ ತಾಯಿಗೆ ಜೋರು ಜ್ವರ. ಅಲ್‌ಹಮ್ದುಲಿಲ್ಲಾಹ್, ಬೆಳಗಿನ ಹೊತ್ತಿಗೆ ಇಳಿಯಿತು. ವಾಚು ತನ್ನ ಕೆಲಸ ಸರಿಯಾಗಿಯೇ ಮಾಡಿತ್ತು. ಮೂರು ಸಾವಿರ ಕಿಲೋಮೀಟರಿನ ಹತ್ತಿರದ ದೂರವನ್ನು ಕಣ್ಣು ಮಿಟುಕಿಸುವಷ್ಟರಲ್ಲಿ ದಾಟಿತ್ತು. ಅಲ್ಲಿಂದ ಹಿಂದಕ್ಕೆ, ನೂರು ಗಜದ ಆಚೆಯ ಬಾಗಿಲಿಗೆ ಬರಲು ನಲವತ್ತು ನಿಮಿಷ ಹಿಡಿಯಿತು.

ಈ ವ್ಯತ್ಯಾಸವನ್ನು ದೊಡ್ಡ ಪ್ರಮಾಣದಲ್ಲಿ ಅಳೆದು ನೋಡಿದವರಿದ್ದಾರೆ. ಎರಡು ಅಧ್ಯಯನಗಳನ್ನು ಹೇಳುತ್ತೇನೆ. ಎರಡೂ ಹೃದಯ ದುರ್ಬಲವಾದ ರೋಗಿಗಳ ಮೇಲೆ ನಡೆದವು. ಈ ಕಾಯಿಲೆಯಲ್ಲಿ ಮೈಯಲ್ಲಿ ನೀರು ತುಂಬಿ ತೂಕ ಏರುತ್ತದೆ, ಮೊದಲೇ ಗೊತ್ತಾದರೆ ಮಾತ್ರೆ ಬದಲಿಸಿ ಆಸ್ಪತ್ರೆ ತಪ್ಪಿಸಬಹುದು. ಅಮೆರಿಕದಲ್ಲಿ 1,653 ರೋಗಿಗಳ ಅಧ್ಯಯನ 2010ರಲ್ಲಿ ಪ್ರಕಟವಾಯಿತು. ಅರ್ಧದಷ್ಟು ಜನರಿಗೆ ಒಂದು ವ್ಯವಸ್ಥೆ: ದಿನವೂ ಒಂದು ನಂಬರಿಗೆ ಫೋನು ಮಾಡಿ, ಧ್ವನಿಮುದ್ರಿತ ಪ್ರಶ್ನೆಗಳಿಗೆ ಗುಂಡಿ ಒತ್ತಿ ತೂಕ, ಲಕ್ಷಣಗಳನ್ನು ತಿಳಿಸಬೇಕು. ಆ ಕಡೆ ಮಾತಾಡುವುದು ಯಂತ್ರ. ಮಾಹಿತಿಯನ್ನು ವೈದ್ಯರ ಕಡೆಯವರು ವಾರದ ಕೆಲಸದ ದಿನಗಳಲ್ಲಿ ನೋಡುತ್ತಿದ್ದರು. ಆರು ತಿಂಗಳ ಕೊನೆಗೆ ಮತ್ತೆ ಆಸ್ಪತ್ರೆ ಸೇರಿದವರು ಅಥವಾ ತೀರಿಕೊಂಡವರು ಎಷ್ಟು? ಈ ವ್ಯವಸ್ಥೆ ಇದ್ದವರಲ್ಲಿ ಶೇ. 52.3, ಇಲ್ಲದವರಲ್ಲಿ ಶೇ. 51.5. ಏನೂ ಪ್ರಯೋಜನವಾಗಲಿಲ್ಲ. ನೂರಕ್ಕೆ 14 ಮಂದಿ ಒಂದು ಸಲವೂ ಫೋನು ಮಾಡಿರಲಿಲ್ಲ.

ಇನ್ನೊಂದು ಜರ್ಮನಿಯದ್ದು, 2018ರಲ್ಲಿ ಬಂತು, 1,571 ರೋಗಿಗಳು. ಅಲ್ಲಿಯೂ ದಿನವೂ ತೂಕ, ಬಿಪಿ, ಇಸಿಜಿ, ಆಮ್ಲಜನಕ ಎಲ್ಲ ಮನೆಯಿಂದಲೇ ಹೋಗುತ್ತಿತ್ತು. ಆದರೆ ಹೋಗಿ ಸೇರುತ್ತಿದ್ದುದು ಬರ್ಲಿನ್ನಿನ ಶಾರಿಟೆ ಆಸ್ಪತ್ರೆಯ ಒಂದು ಕೇಂದ್ರಕ್ಕೆ. ಅಲ್ಲಿ ಹಗಲು ರಾತ್ರಿ ಇಪ್ಪತ್ನಾಲ್ಕು ಗಂಟೆಯೂ ವೈದ್ಯರು, ನರ್ಸುಗಳು ಕುಳಿತಿದ್ದರು. ಮೊದಲೇ ನರ್ಸು ಮನೆಗೆ ಬಂದು ಉಪಕರಣ ಕಲಿಸಿ ಹೋಗುತ್ತಿದ್ದರು. ಅಂಕಿ ಏರಿದರೆ ಆ ಕಡೆಯಿಂದಲೇ ಫೋನು ಬರುತ್ತಿತ್ತು. ಒಂದು ವರ್ಷದಲ್ಲಿ ತೀರಿಕೊಂಡವರು ಈ ಗುಂಪಿನ 765ರಲ್ಲಿ 61 ಮಂದಿ; ಮಾಮೂಲಿ ಚಿಕಿತ್ಸೆಯ 773ರಲ್ಲಿ 89 ಮಂದಿ. ನಾನು ಗಣಿತದ ಟೀಚರೂ ಆಗಿದ್ದವಳು, ಈ ಎರಡು ಸಂಖ್ಯೆಗಳ ನಡುವಿನ ವ್ಯತ್ಯಾಸ ನೋಡಿ ಬಹಳ ಹೊತ್ತು ಸುಮ್ಮನೆ ಕುಳಿತೆ. ಎರಡು ಅಧ್ಯಯನಗಳ ರೋಗಿಗಳೂ ಉಪಕರಣಗಳೂ ಒಂದೇ ಅಲ್ಲ ನಿಜ. ಆದರೂ ನನಗೆ ಎದ್ದು ಕಾಣುವುದು ಆ ರಾತ್ರಿ ಪಾಳಿಯ ನರ್ಸು.

ಹತ್ತಿರದ ಉದಾಹರಣೆ ಬೇಕೇ? ಮಂಗಳೂರಿನ ಹೃದ್ರೋಗ ತಜ್ಞ ಡಾ. ಪದ್ಮನಾಭ ಕಾಮತರು 2018ರಲ್ಲಿ ಹಳ್ಳಿಯ ವೈದ್ಯರನ್ನು ಒಂದು ವಾಟ್ಸ್‌ಆ್ಯಪ್ ಗುಂಪಿಗೆ ಸೇರಿಸಿ, ಪ್ರಾಥಮಿಕ ಆರೋಗ್ಯ ಕೇಂದ್ರಗಳಿಗೆ ದಾನಿಗಳ ನೆರವಿನಿಂದ ಇಸಿಜಿ ಯಂತ್ರ ಕೊಡಿಸಲು ಆರಂಭಿಸಿದರು. ಹಳ್ಳಿಯಲ್ಲಿ ತೆಗೆದ ಇಸಿಜಿಯ ಫೋಟೋ ಗುಂಪಿಗೆ ಬರುತ್ತದೆ, ತಜ್ಞರು ನೋಡಿ ಕೂಡಲೇ ದಾರಿ ಹೇಳುತ್ತಾರೆ. ರಾಜ್ಯ ಸರ್ಕಾರದ ಡಾ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆ 2023ರಲ್ಲಿ ಬಂತು; ತಾಲ್ಲೂಕು ಆಸ್ಪತ್ರೆಯಲ್ಲಿ ತೆಗೆದ ಇಸಿಜಿಯನ್ನು ಜಯದೇವದಂಥ ದೊಡ್ಡ ಆಸ್ಪತ್ರೆಯ ತಜ್ಞರು ನೋಡಿ, ಹೃದಯಾಘಾತ ಎಂದಾದರೆ ರಕ್ತದ ಹೆಪ್ಪು ಕರಗಿಸುವ ದುಬಾರಿ ಇಂಜೆಕ್ಷನ್ನನ್ನು ಅಲ್ಲಿಯೇ ಉಚಿತವಾಗಿ ಕೊಡುವ ವ್ಯವಸ್ಥೆ. ಎದೆನೋವು ಬಂದರೆ ನೇರ ಮಂಗಳೂರಿಗೆ ಕಾರು ಓಡಿಸುವ ನಮ್ಮ ಜನ ಮೊದಲು ಹತ್ತಿರದ ತಾಲ್ಲೂಕು ಆಸ್ಪತ್ರೆಯಲ್ಲಿ ಇಸಿಜಿ ತೆಗೆಸಬೇಕು. ಈ ಎರಡು ಕಡೆಯೂ ಯಂತ್ರಕ್ಕೆ ಓಗೊಡುವ ಮನುಷ್ಯ ಇದ್ದಾನೆ. ಇಸಿಜಿ ತೆಗೆಯಲು ಪಟ್ಟಿಗಳನ್ನು ಸರಿಯಾದ ಜಾಗಕ್ಕೆ ಅಂಟಿಸುವ ಹುಡುಗಿಯೊಬ್ಬಳೂ ಇದ್ದಾಳೆ.

ರಮಳಾನಿನ ವಿಷಯ ಹೇಳದೆ ಮುಗಿಸಲಾರೆ. ಸಕ್ಕರೆ ಕಾಯಿಲೆಯವರು ತೋಳಿಗೆ ಅಂಟಿಸಿಕೊಳ್ಳುವ ಒಂದು ಬಿಲ್ಲೆ ಈಗ ಬಂದಿದೆ; ಇದು ನಿಜವಾದದ್ದು, ಮೊದಲು ಹೇಳಿದ ಮೋಸದ ವಾಚಿನಂಥದ್ದಲ್ಲ. ಕೂದಲೆಳೆಯಂಥ ತಂತು ಚರ್ಮದೊಳಗೆ ಹೋಗಿ, ಅಲ್ಲಿನ ದ್ರವದ ಸಕ್ಕರೆಯನ್ನು ಎರಡು ವಾರದ ತನಕ ಅಳೆಯುತ್ತದೆ. ರಕ್ತದ ಸಕ್ಕರೆಗಿಂತ ಕೆಲವು ನಿಮಿಷ ಹಿಂದಿರುತ್ತದೆ, ಅಷ್ಟು ತಿಳಿದಿರಬೇಕು. ಕೆಲವರಿಗೆ ಮಕ್ಕಳು ಸೌದಿಯಿಂದ ತಂದುಕೊಟ್ಟಿದ್ದಾರೆ. 2001ರಲ್ಲಿ 13 ದೇಶಗಳ 12,000ಕ್ಕೂ ಹೆಚ್ಚು ಮುಸ್ಲಿಂ ಮಧುಮೇಹಿಗಳನ್ನು ಸಮೀಕ್ಷೆ ಮಾಡಿದಾಗ, ದೊಡ್ಡವರಲ್ಲಿ ಸಾಮಾನ್ಯವಾದ ಎರಡನೇ ಬಗೆಯ ಮಧುಮೇಹದವರಿಗೆ ಸಕ್ಕರೆ ತೀವ್ರವಾಗಿ ಕುಸಿಯುವ ಪ್ರಸಂಗಗಳು ಉಳಿದ ತಿಂಗಳುಗಳಿಗಿಂತ ರಮಳಾನಿನಲ್ಲಿ ಏಳೂವರೆ ಪಟ್ಟು ಇದ್ದವು. ಅಂತಾರಾಷ್ಟ್ರೀಯ ಮಧುಮೇಹ ತಜ್ಞರ ಸಲಹೆ ಸ್ಪಷ್ಟವಿದೆ: ಸಕ್ಕರೆ 70ಕ್ಕಿಂತ ಇಳಿದರೂ 300 ದಾಟಿದರೂ ಉಪವಾಸ ಬಿಡಬೇಕು. ಬೆರಳು ಚುಚ್ಚಿ ಪರೀಕ್ಷಿಸುವುದರಿಂದ ಉಪವಾಸ ಮುರಿಯುವುದಿಲ್ಲ ಎಂದು ವಿದ್ವಾಂಸರೂ ಹೇಳಿದ್ದಾರೆ. ಆದರೆ ಅಸರ್ ಆದ ಮೇಲೆ ಬಿಲ್ಲೆ 64 ತೋರಿಸಿತು ಎನ್ನಿ. ಉಮ್ಮ ಏನೆನ್ನುತ್ತಾರೆ? "ಇನ್ನೊಂದು ಗಂಟೆ ತಾನೇ ಮೋನೇ, ಮಗ್ರಿಬ್ ಆಗಲಿ." ಮಗ ದುಬೈಯಿಂದ ಬೇಡಿದರೂ ಕೇಳುವುದಿಲ್ಲ. ಪಕ್ಕದಲ್ಲಿ ಕುಳಿತು, "ಈಗ ನೀರು ಸಕ್ಕರೆ ಕುಡಿಯದಿದ್ದರೆ ಬಿದ್ದುಬಿಡುತ್ತೀರಿ, ಕಾಯಿಲೆಯವರಿಗೆ ಅಲ್ಲಾಹನೇ ವಿನಾಯಿತಿ ಕೊಟ್ಟಿದ್ದಾನೆ, ಆಮೇಲೆ ಕಳಾ ವೀಟಿಸಿದರಾಯಿತು" ಎಂದು ಹೇಳಿ ಲೋಟ ಬಾಯಿಗೆ ಹಿಡಿಯುವವರು ಬೇಕು. ಅವರು ನಮ್ಮ ಮಾತು ಬಲ್ಲ, ನಮ್ಮ ಮನೆ ಬಲ್ಲ, ಜೊತೆಗೆ 64 ಅಂದರೇನು ಎಂದೂ ಬಲ್ಲ ಒಬ್ಬ ಹುಡುಗಿಯಾದರೆ ಎಷ್ಟು ಒಳ್ಳೆಯದು.

ಇನ್ನು ನನ್ನ ತಿದ್ದುಪಡಿ. ನೂರು ವಾಚು ಬೇಡ, ಮೂವತ್ತು ಸಾಕು. ಅದೂ ಎಲ್ಲರಿಗೂ ಅಲ್ಲ, ವೈದ್ಯರು ಬೇಕು ಎಂದವರಿಗೆ. ಹೃದಯ ದುರ್ಬಲವಾದವರಿಗೆ ವಾಚಿಗಿಂತ ಮೊದಲು ಒಂದು ಒಳ್ಳೆಯ ತೂಕದ ಯಂತ್ರ, ತೋಳಿನ ಬಿಪಿ ಯಂತ್ರ ಕೊಡಿ. ಉಳಿದ ಹಣದಲ್ಲಿ ಒಬ್ಬ ತರಬೇತಾದ ನರ್ಸನ್ನು ಟ್ರಸ್ಟಿನ ಕ್ಲಿನಿಕ್ಕಿನಲ್ಲಿ ಸಂಬಳಕ್ಕೆ ಇಟ್ಟುಕೊಳ್ಳಿ. ದಿನಕ್ಕೆರಡು ಸಲ ಆ ಮೂವತ್ತು ಮನೆಗಳ ಅಂಕಿ ನೋಡುವುದು, ವಾರಕ್ಕೊಮ್ಮೆ ಮನೆಗೆ ಹೋಗುವುದು ಅವರ ಕೆಲಸ. ಪ್ರತಿ ಮನೆಗೂ ರಾತ್ರಿ ಹೊತ್ತು ಬಾಗಿಲು ತಟ್ಟಬಲ್ಲ ಇಬ್ಬರು ನೆರೆಯವರ ಹೆಸರು, ಫೋನ್ ನಂಬರು ಬರೆದು ಗೋಡೆಗೆ ಅಂಟಿಸಿ. ಯಾರ ಅಂಕಿಅಂಶ ಯಾರು ನೋಡುತ್ತಾರೆ ಎಂದು ಆ ಹಿರಿಯರನ್ನೇ ಕೇಳಿ ಒಪ್ಪಿಗೆ ಪಡೆಯಿರಿ. ತಮ್ಮ ನಿದ್ದೆ ಎಚ್ಚರವನ್ನೆಲ್ಲ ಸೊಸೆ ದುಬೈಯಲ್ಲಿ ಕುಳಿತು ನೋಡುವುದು ಎಲ್ಲ ಅತ್ತೆಯಂದಿರಿಗೂ ಇಷ್ಟವಾಗಬೇಕೆಂದಿಲ್ಲ.

ಹೆತ್ತವರಲ್ಲಿ ಒಂದು ಮಾತು. ಈ ಸಲದ ವಿದ್ಯಾರ್ಥಿವೇತನದ ಅರ್ಜಿಗಳನ್ನು ನೋಡುವ ಸಮಿತಿಯಲ್ಲಿ ನಾನೂ ಇದ್ದೆ. ಎಂಜಿನಿಯರಿಂಗ್, ಬಿಕಾಂ ಅರ್ಜಿಗಳ ರಾಶಿ. ನರ್ಸಿಂಗಿಗೆ ಬೆರಳೆಣಿಕೆ. ಕೇಳಿದರೆ "ರಾತ್ರಿ ಪಾಳಿ ಟೀಚರ್, ಮದುವೆಗೆ ಕಷ್ಟ" ಎನ್ನುತ್ತೀರಿ. ನಿಮ್ಮ ಉಮ್ಮ ಐಸಿಯುನಲ್ಲಿ ಇದ್ದಾಗ ರಾತ್ರಿ ಮೂರು ಗಂಟೆಗೆ ಪರದೆ ನೋಡುತ್ತ ಎಚ್ಚರವಿದ್ದುದು ಯಾರದೋ ಮಗಳೇ. ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಹೃದ್ರೋಗ ವಿಭಾಗದಲ್ಲಿ ತಂತ್ರಜ್ಞೆ. ಮದುವೆಯೂ ಆಗಿದೆ, ಇಬ್ಬರು ಮಕ್ಕಳೂ ಇದ್ದಾರೆ, ಗಂಡನ ಮನೆಯವರ ಬಿಪಿಯೆಲ್ಲ ಅವಳ ಕೈಯಲ್ಲಿದೆ. ವಿಜ್ಞಾನದ ಪಿಯುಸಿ ಮಾಡಿದವರಿಗೆ ಬಿಎಸ್ಸಿ ನರ್ಸಿಂಗ್ ಇದೆ, ಬಿಎಸ್ಸಿ ಕಾರ್ಡಿಯಾಕ್ ಕೇರ್ ಟೆಕ್ನಾಲಜಿ ಇದೆ. ಎಸ್ಸೆಸ್ಸೆಲ್ಸಿಯ ನಂತರವೇ ಸೇರಬಹುದಾದ ಪ್ಯಾರಾಮೆಡಿಕಲ್ ಡಿಪ್ಲೊಮಾಗಳೂ ಇವೆ. ಯಂತ್ರ ಕೂಡಿಸುವ, ರಿಪೇರಿ ಮಾಡುವ ಕೆಲಸದಲ್ಲಿ ಮನಸ್ಸಿರುವ ಹುಡುಗರಿಗೆ ಬಯೋಮೆಡಿಕಲ್ ಎಂಜಿನಿಯರಿಂಗ್. ಸೇರುವ ಮುನ್ನ ಆ ಕಾಲೇಜಿಗೆ ಮಾನ್ಯತೆ ಇದೆಯೇ, ಆಸ್ಪತ್ರೆಯಲ್ಲಿ ನಿಜವಾಗಿ ಕೈಕೆಲಸ ಕಲಿಸುತ್ತಾರೆಯೇ ಎಂದು ವಿಚಾರಿಸಿ. ಬೋರ್ಡು ದೊಡ್ಡದಿದ್ದು ಹಾಸಿಗೆ ಇಲ್ಲದ ಕಾಲೇಜುಗಳೂ ಇವೆ.

ದಾನಿಗಳಲ್ಲಿ ಕೇಳುವುದಿಷ್ಟು: ವಾಚಿಗೆಂದು ಮೀಸಲಿಟ್ಟ ಹಣದ ಒಂದು ಭಾಗವನ್ನು ಮುಂದಿನ ಸಾಲಿನಿಂದ ನರ್ಸಿಂಗ್ ಮತ್ತು ಪ್ಯಾರಾಮೆಡಿಕಲ್ ಓದುವ ಐದು ಮಕ್ಕಳ ಪೂರ್ತಿ ಶುಲ್ಕ, ಹಾಸ್ಟೆಲ್ ಖರ್ಚಿಗೆ ತೆಗೆದಿಡಲು ಒಪ್ಪಿಗೆ ಕೊಡಿ. ಒಂದು ವರ್ಷ ಕೊಟ್ಟು ನಿಲ್ಲಿಸಿದರೆ ಮಗು ಅರ್ಧದಲ್ಲಿ ಕಾಲೇಜು ಬಿಡುತ್ತದೆ. ಕೋರ್ಸು ಮುಗಿಯುವವರೆಗೂ ಕೊಡುತ್ತೇವೆ ಎಂಬ ಮಾತು ಬೇಕು. ಈ ಬಗ್ಗೆ ಮಧ್ಯಾಹ್ನದ ಊಟದ ನಂತರ ಕಾರ್ಯಕಾರಿ ಸಮಿತಿ ಸೇರಲಿದೆ, ನಾನೂ ಇರುತ್ತೇನೆ. ಅರ್ಜಿಯ ನಮೂನೆ ಕಚೇರಿಯಲ್ಲಿ ಸಿಗುತ್ತದೆ. ಅಂಕಪಟ್ಟಿ, ಆದಾಯ ಪ್ರಮಾಣಪತ್ರದ ಪ್ರತಿ ಜೊತೆಗಿರಲಿ. ಅರ್ಜಿ ತುಂಬಲು ಬಾರದ ತಾಯಂದಿರು ಅಸರ್ ನಮಾಝಿನ ಬಳಿಕ ನನ್ನ ಮನೆಗೆ ಬರಬಹುದು, ಮಗಳನ್ನೂ ಕರೆದುಕೊಂಡು ಬನ್ನಿ.